ಕಾಮಣ್ಣನನ್ನು ಸುಡುವ ಊರಿನಿಂದ ಗುವಾಹಟಿಗೆ

ಏಪ್ರಿಲ್ ನಡುವೆ ಬರುವ ಅಸ್ಸಾಮಿನ ಹೊಸವರ್ಷದ ಹಬ್ಬ ರಂಗಾಲಿ ಬಿಹುವಿಗೆ ಹುಡುಗ ಹುಡುಗಿಯರ ತಂಡವೊಂದು ನಮ್ಮ ಮನೆ ಮಾಲೀಕರ ಅಂಗಳಕ್ಕೆ ಬಂತು. ಮೊದಲು ದೇವರ ನಾಮ. ಆಮೇಲೆ ಢೋಲು, ಎಮ್ಮೆಕೊಂಬಿನ ಪೆಪಾ, ಅದರ ಹಿಂದೆ ಅಪ್ಪಟ ಪ್ರಣಯದ ಹಾಡುಗಳು. ಮನೆಯ ಅಜ್ಜಿ ಜಗಲಿಯಲ್ಲಿ ಕೂತು ತಾಳ ಹಾಕುತ್ತಿದ್ದರು. ಮುಗಿದ ಮೇಲೆ ಕಂಚಿನ ತಟ್ಟೆಯಲ್ಲಿ ಎಲೆ-ಅಡಿಕೆ, ಗಮೋಸಾ ಎಂಬ ಕೆಂಪಂಚಿನ ವಸ್ತ್ರ, ದುಡ್ಡು ಇಟ್ಟು ಕೊಟ್ಟರು. ತಂಡದವರು ಮಂಡಿಯೂರಿ ಮನೆಯವರನ್ನೆಲ್ಲ ಹರಸಿ ಹೋದರು.

ವಿಡಿಯೋವನ್ನು ಹಾಡಿನ ಅರ್ಥದ ಜೊತೆ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಹಾವೇರಿಯಿಂದ ಸೋದರಮಾವನ ಉತ್ತರ ಬಂತು: "ಹಿರ್ಯಾರ ಮುಂದ ಇಂಥಾ ಹಾಡೇನೋ? ಮಗಳನ್ನರ ಒಳಗ ಕಳಸಬೇಕಿತ್ತು."

ಚುಚ್ಚಿತು. ನಾವೂ ಹೋಳಿ ಹುಣ್ಣಿಮೆಗೆ ಕಾಮಣ್ಣನನ್ನು ಸುಡಲು ಕುಳ್ಳು-ಕಟ್ಟಿಗೆ ಕದ್ದು, ಹಲಗೆ ಬಡಿದು, ಲಬೋ ಲಬೋ ಹೊಯ್ಕೊಂಡು ಬೆಳೆದವರೇ. ಆ ಒಂದು ರಾತ್ರಿ ಹೊಲಸು ಬೈಗುಳಕ್ಕೆ ಯಾರ ತಕರಾರೂ ಇರಲಿಲ್ಲ. ಬಯಕೆಗೆ ನಮ್ಮಲ್ಲಿ ಸಿಕ್ಕ ಜಾಗ ಅಷ್ಟೇ: ಬೈಗುಳವಾಗಿ ಹೊರಬಿದ್ದು ಬೆಳಗಾಗುವುದರೊಳಗೆ ಬೂದಿಯಾಗಬೇಕು. ಶಿವನ ಉರಿಗಣ್ಣಿಗೆ ಸುಟ್ಟುಹೋದ ಮನ್ಮಥ ಮತ್ತೆ ರೂಪ ಪಡೆದದ್ದು ಈ ಕಾಮರೂಪದ ನೆಲದಲ್ಲಿ ಎಂದು ಇಲ್ಲಿಯವರು ನಂಬುತ್ತಾರೆ. ಕಥೆ ಒಂದೇ, ನಾವು ಅರ್ಧಕ್ಕೇ ಎದ್ದು ಬಂದಿದ್ದೇವೆ. ಇಲ್ಲಿನ ನೀಲಾಚಲ ಬೆಟ್ಟದ ಕಾಮಾಖ್ಯೆ ದೇವಿಯ ಗರ್ಭಗುಡಿಯಲ್ಲಿ ವಿಗ್ರಹವಿಲ್ಲ. ಒಸರುವ ನೀರಿನಲ್ಲಿ ನೆನೆದ ಯೋನಿರೂಪದ ಬಂಡೆಯನ್ನೇ ಗಂಡಸರು, ಹೆಂಗಸರು, ಮುದುಕರು ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಯಾರ ಮುಖದಲ್ಲೂ ಸಂಕೋಚ ಕಾಣಲಿಲ್ಲ.

ಗೀತೆಯ ಮೂರನೇ ಅಧ್ಯಾಯದಲ್ಲಿ ಕಾಮವನ್ನು ಮಹಾಪಾಪಿ ಎಂದದ್ದನ್ನು ಊರಿನ ಪ್ರವಚನಗಳಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದೆ. ಏಳನೇ ಅಧ್ಯಾಯದಲ್ಲಿ ಅದೇ ಕೃಷ್ಣ, ಧರ್ಮಕ್ಕೆ ವಿರುದ್ಧವಲ್ಲದ ಕಾಮ ನಾನೇ ಎನ್ನುತ್ತಾನೆ. ಅದನ್ನು ಯಾವ ಪ್ರವಚನಕಾರರ ಬಾಯಲ್ಲೂ ನಾನು ಕೇಳಲಿಲ್ಲ. ಧರ್ಮ, ಅರ್ಥ, ಮೋಕ್ಷಗಳ ಸಾಲಿನಲ್ಲೇ ಕಾಮವನ್ನೂ ಕೂರಿಸಿದ ಹಿರಿಯರಿಗೆ ಬುದ್ಧಿ ಇರಲಿಲ್ಲವೇ? ಅಣ್ಣನ ಮಗಳು ಜೊತೆಗೆ ಓದಿದವನನ್ನು ಮೆಚ್ಚಿದ್ದಾಳೆಂದು ಗೊತ್ತಾದ ದಿನ ಮನೆಯಲ್ಲಿ ಸೂತಕ ಬಂದಂತಿತ್ತು. ಹುಡುಗ ನಮ್ಮ ಜಾತಿಯವನೇ, ನೌಕರಿಯೂ ಇತ್ತು. ಅವಳಾಗಿ ಬಯಸಿದ್ದೇ ತಪ್ಪಾಯಿತು. ಆ ಮಗುವಿನ ಮುಖ ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಅಸ್ಸಾಮಿನಲ್ಲಿ ಎಲ್ಲವೂ ಸಲೀಸೆಂದೇನಲ್ಲ. ಬಿಹು ಹಾಡಿ ಬೆಳೆದ ಅಪ್ಪಂದಿರೇ ಮಗಳ ಮದುವೆ ಬಂದಾಗ ಜಾತಿ ಕೇಳುವುದನ್ನು ನೋಡಿದ್ದೇನೆ. 19ನೇ ಶತಮಾನದಲ್ಲಿ ಇಲ್ಲಿನ ಓದಿದವರೇ ಬಿಹುವನ್ನು ಅಶ್ಲೀಲವೆಂದು ಹಳಿದಿದ್ದರು. ನಮ್ಮವರೂ ಬರೀ ಸುಡುವವರಲ್ಲ, ಇದನ್ನೂ ಹೇಳಬೇಕು. ಬೇಲೂರಿನ ಮದನಿಕೆಯರು ಇರುವುದು ಗುಡಿಯ ಕಂಬಗಳ ಮೇಲೆಯೇ. ನವಲಗುಂದದಲ್ಲಿ ಹೋಳಿ ಹಬ್ಬಕ್ಕೆ ಕೂರಿಸುವ ರಾಮಲಿಂಗ ಕಾಮಣ್ಣನ ಮುಂದೆ ಮದುವೆಗೆ, ಮಕ್ಕಳಿಗೆ ಹರಕೆ ಹೊರುವವರ ಸಾಲು ಸಣ್ಣದಲ್ಲ. ಆ ಸಾಲಿನಲ್ಲಿ ನಮ್ಮ ಸೋದರಮಾವನೂ ಅತ್ತೆಯೂ ಒಮ್ಮೆ ನಿಂತಿದ್ದರು.