ಪೀಚ್ ಕಾಣೆಯಾಗಿದೆ

“ಏನ್ ಸಾರ್, ತೂಕ ಇಳಿಸ್ತಾ ಇದ್ದೀರಾ?”

ಕೈಯಲ್ಲಿ ಗ್ರೀನ್ ಟೀ ಕಂಡ ಕೂಡಲೇ ಜನಕ್ಕೆ ನನ್ನ ಹೊಟ್ಟೆ ಕಾಣುತ್ತದೆ. ಅದು ಮೊದಲಿನಿಂದಲೂ ಅಲ್ಲೇ ಇದೆ, ಯಾರೂ ಮಾತಾಡಿಸಿರಲಿಲ್ಲ. ಕೆಲವರು ದನಿ ತಗ್ಗಿಸಿ “ಶುಗರ್ರಾ?” ಅನ್ನುವುದೂ ಉಂಟು. ಮೊನ್ನೆ ಪಕ್ಕದ ಮೇಜಿನ ಹುಡುಗ ಕೇಳಿದಾಗ, “ಇಲ್ಲಪ್ಪ, ಸುಮ್ನೆ. ಚೆನ್ನಾಗಿರುತ್ತೆ ಅಂತ ಕುಡೀತೀನಿ” ಅಂದೆ. ಅವನು ನಂಬಲಿಲ್ಲ. ರಿಪೋರ್ಟು ಬಂದಿದೆ, ಪಾಪ, ಹೇಳಿಕೊಳ್ಳುತ್ತಿಲ್ಲ ಎನ್ನುವ ಹಾಗೆ ನೋಡಿ ಹೋದ.

ಅದು ಎರಡು ದಿನ ಕೊರೆಯಿತು. ಒಬ್ಬ ಮನುಷ್ಯ ಬರೀ ಖುಷಿಗೆ ಗ್ರೀನ್ ಟೀ ಕುಡಿಯಬಾರದೇ? ಅದೂ ಪೀಚ್ ಹಣ್ಣಿನ ಘಮದ್ದು, ಬಿಡಿ ಎಲೆಯದ್ದು. ದಾರ ಕಟ್ಟಿದ ಚೀಲದ್ದಲ್ಲ. ಯಾಕೆ ಕುಡಿಯುತ್ತೇನೆ ಅಂತ ಒಂದು ಸಲ ಬರೆದೇ ಬಿಡೋಣ ಎಂದು ಭಾನುವಾರ ಬೆಳಿಗ್ಗೆ ಕೂತೆ. ಬರೆಯುವ ಮುಂಚೆ ಒಂದು ಕಪ್ಪು ಇರಲಿ ಅಂತ ನೀರಿಟ್ಟೆ. ಎಡವಿದ್ದು ಅಲ್ಲೇ.

ಆ ಡಬ್ಬಿಯ ಮುಚ್ಚಳ ಬಿಗಿ. ಚಮಚದ ಹಿಡಿ ತೂರಿಸಿ ಮೀಟಬೇಕು. ‘ಟಪ್’ ಅಂದ ಕೂಡಲೇ ಬರುವ ವಾಸನೆ ಇದೆಯಲ್ಲ, ಕಚ್ಚಿದರೆ ರಸ ಮೊಣಕೈವರೆಗೂ ಇಳಿಯುವಂಥ ಮಾಗಿದ ಹಣ್ಣೊಂದು ಒಳಗೇ ಕೂತು ನನಗಾಗಿ ಕಾಯುತ್ತಿದೆ ಅನ್ನಿಸುತ್ತದೆ. ಮೂಗಿಟ್ಟೆ. ಇನ್ನೊಮ್ಮೆ ಇಟ್ಟೆ. ಮೂರನೇ ಸಲಕ್ಕೆ ಒಂದು ಚೂರು ಎಲೆ ಮೂಗಿನೊಳಕ್ಕೇ ಹೋಯಿತು. ಅದನ್ನು ಸೀನಿ ಹೊರಹಾಕಿ, ಜಾಲರಿಗೆ ಒಂದು ಚಮಚ ಸುರಿದು, ಬಿಸಿನೀರು ಹೊಯ್ದು, ಸುಮ್ಮನೆ ಡಬ್ಬಿಯೊಳಕ್ಕೆ ಬಗ್ಗಿ ನೋಡಿದೆ. ಎಲೆ ಇತ್ತು. ಬಿಳಿ ಬಿಳಿ ಚೂರುಗಳಿದ್ದವು. ಪೀಚ್ ಎಲ್ಲಿ?

ಇಷ್ಟು ದಿನ ಈ ಪ್ರಶ್ನೆ ಯಾಕೆ ಹೊಳೆದಿರಲಿಲ್ಲವೋ. ಬಿಳಿ ತಟ್ಟೆ ತಂದೆ. ಓದುವ ಕನ್ನಡಕ ಹಾಕಿದೆ. ಮನೆಯವಳ ಹುಬ್ಬು ಕೀಳುವ ಚಿಮಟ ಸಿಕ್ಕಿತು, ಅದನ್ನೂ ತಂದೆ (ತೊಳೆದೇ ತಂದೆ). ಎರಡು ಚಮಚ ಒಣ ಟೀಯನ್ನು ತಟ್ಟೆಗೆ ಹರವಿ ಆರಿಸತೊಡಗಿದೆ. ಎಲೆ ಒಂದು ಕಡೆ: ತಿರುಚಿಕೊಂಡು, ಮಳೆ ಬರುವ ಮುಂಚಿನ ಹುಲ್ಲಿನ ಬಣ್ಣ. ಕಿತ್ತಳೆ ಬಣ್ಣದ ಎಸಳು ಇನ್ನೊಂದು ಕಡೆ, ಎಳೆದರೆ ದಾರದ ಹಾಗೆ. ಬಿಳಿ ಚೂರುಗಳು ಮೂರನೇ ಕಡೆ, ಒಟ್ಟು ಒಂಬತ್ತು.

ಮಗಳು ಬಂದು ಹಿಂದೆ ನಿಂತಳು. “ಅಪ್ಪಾ, ಕಲ್ಲು ಆರಿಸ್ತಿದ್ದೀಯಾ?”

“ಇಲ್ಲಮ್ಮ, ಪೀಚ್ ಹುಡುಕ್ತಿದ್ದೀನಿ.”

“ಎಲ್ಲಿ ಕಳ್ಕೊಂಡೆ?”

ಒಂದು ಬಿಳಿ ಚೂರನ್ನು ಬಾಯಿಗೆ ಹಾಕಿಕೊಂಡೆ. ಮೊದಲಿಗೆ ಥರ್ಮಾಕೋಲ್. ಕ್ಷಣ ಬಿಟ್ಟು ತುಸು ಹುಳಿ, ತುಸು ಸಿಹಿ. ಸೇಬು! ಡಬ್ಬಿ ತಿರುಗಿಸಿ ಹಿಂದಿನ ಇರುವೆ ಅಕ್ಷರ ಓದಿದೆ. ಗ್ರೀನ್ ಟೀ, ಸೇಬಿನ ತುಂಡು, ಕುಸುಬೆ ಹೂವಿನ ಎಸಳು, ಫ್ಲೇವರ್. ಅಷ್ಟೇ. ಪೀಚ್ ಇದ್ದದ್ದು ಮುಂಭಾಗದಲ್ಲಿ ಮಾತ್ರ, ಮೈಮೇಲೆ ನೀರ ಹನಿ ಇಟ್ಟುಕೊಂಡು, ಚಿತ್ರದಲ್ಲಿ. ಪಕ್ಕದ ಸ್ಟ್ರಾಬೆರಿ ಡಬ್ಬಿ ತೆಗೆದು ನೋಡಿದರೆ ಅಲ್ಲೂ ಅದೇ ಸೇಬು. ಪಾಪದ್ದು. ಒಣಗಿಸು ಅಂದರೆ ಒಣಗುತ್ತದೆ, ತನ್ನದೇ ದನಿ ಎತ್ತುವುದಿಲ್ಲ, ಯಾರ ವೇಷ ಹಾಕಿಸಿದರೂ ಹಾಕುತ್ತದೆ.

ಹಾಗಾದರೆ ಆ ವಾಸನೆ ಯಾರದ್ದು? ಪೀಚಿನ ಘಮ ಕಟ್ಟುವವರ ಬಳಿ ಒಂದು ಹಳೆಯ ಸರಕಿದೆ. ವ್ಯಾಪಾರದಲ್ಲಿ ಅದನ್ನು ‘ಆಲ್ಡಿಹೈಡ್ ಸಿ-14’ ಎನ್ನುತ್ತಾರೆ. 14 ಅಂದರೆ ಅದರ ಅಣುವಿನಲ್ಲಿ 14 ಕಾರ್ಬನ್ ಇರಬೇಕು, ಅಲ್ವಾ? ಇರುವುದು 11. ಆಲ್ಡಿಹೈಡ್ ಎಂಬ ರಾಸಾಯನಿಕ ಕುಲದ್ದಾದರೂ ಹೌದಾ ಅಂದರೆ ಅದೂ ಅಲ್ಲ, ಅದು ಲ್ಯಾಕ್ಟೋನ್ ಎಂಬ ಬೇರೆಯದೇ ಕುಲ. ಹೆಸರಿನಲ್ಲಿ ಇರುವುದೇ ಎರಡು ಮಾತು, ಎರಡೂ ಸುಳ್ಳು. ನಿಜವಾದ ಪೀಚಿನ ಘಮದಲ್ಲೂ ಇದರ ದಾಯಾದಿ ಲ್ಯಾಕ್ಟೋನುಗಳೇ ಮುಖ್ಯ ಅನ್ನಿ. ಆದರೆ ನನಗೆ ಆ ಹೊತ್ತಿನಲ್ಲಿ ಸಮಾಧಾನ ಬೇಕಿರಲಿಲ್ಲ. ಸೇಬು ಪೀಚಿನ ವೇಷ ಹಾಕಿದೆ, ಪೀಚಿನ ವಾಸನೆ ಆಲ್ಡಿಹೈಡಿನ ವೇಷ ಹಾಕಿದೆ. ಇಡೀ ಡಬ್ಬಿಯಲ್ಲಿ ತಾನು ತಾನೇ ಆಗಿರುವುದು ಎಲೆ ಮತ್ತು ಆ ಕುಸುಬೆ ಹೂವು. ಕುಸುಬೆ ಬಂದಿರುವುದು ಬರೀ ಅಂದಕ್ಕೆ.

ಇದನ್ನು ಭಾವನಿಗೆ ಹೇಳಿದರೆ ಕುಣಿದಾಡುತ್ತಾರೆ. ಅವರು ಶುದ್ಧ ಟೀ ಪಂಗಡದವರು. ನನ್ನ ಡಬ್ಬಿ ಕಂಡಾಗಲೆಲ್ಲ “ಇದು ಟೀ ಇಷ್ಟ ಇಲ್ಲದವರ ಟೀ” ಅನ್ನುತ್ತಾರೆ. ಜೊತೆಗೆ ಚೀನಾದ ಲು ಯು ಬೇರೆ ಅವರ ಪರ. 8ನೇ ಶತಮಾನದಲ್ಲೇ ಚಹಾದ ಮೇಲೆ ಒಂದು ಇಡೀ ಪುಸ್ತಕ ಬರೆದವನು. ಚಹಾಕ್ಕೆ ಶುಂಠಿ, ಪುದೀನ, ಕಿತ್ತಳೆ ಸಿಪ್ಪೆ ಎಲ್ಲ ಹಾಕಿ ಕುದಿಸುವವರನ್ನು ಅದರಲ್ಲಿ ಚೆನ್ನಾಗಿ ಝಾಡಿಸಿದ್ದಾನೆ. ಅಂಥ ಚಹಾ ಚರಂಡಿ ನೀರಿಗೆ ಸಮ ಅಂತ ಅವನ ತೀರ್ಪು. ಭಾವ ಇದನ್ನು ನನಗೆ ಕನಿಷ್ಠ ಆರು ಸಲ ಹೇಳಿದ್ದಾರೆ. ಅವರಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿದೆ. ಅದೇ ಲು ಯು ತನ್ನ ಚಹಾಕ್ಕೆ ಉಪ್ಪು ಹಾಕುತ್ತಿದ್ದ. ಉಪ್ಪು! ಇನ್ನೂ ಹೇಳಿಲ್ಲ. ನಾಲ್ಕು ಜನ ಸೇರಿರುವಾಗ ಹೇಳಬೇಕು ಅಂತ ಇಟ್ಟುಕೊಂಡಿದ್ದೇನೆ.

ಅಷ್ಟಕ್ಕೂ ಶುದ್ಧ, ಶುದ್ಧ ಅಂತ ಹಾರಾಡುವವರಿಗೆ ಟೀ ಎಲೆಯ ಸ್ವಭಾವವೇ ಗೊತ್ತಿಲ್ಲ. ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹೀರಿಕೊಂಡು ಕೂರುವ ಜಾತಿ ಅದು. ಮಲ್ಲಿಗೆ ಟೀ ಮಾಡುವುದೇ ಹೀಗೆ. ರಾತ್ರಿ ಅರಳುವ ಮೊಗ್ಗನ್ನು ಎಲೆಯ ಜೊತೆ ಬೆರೆಸಿಟ್ಟು, ಬೆಳಿಗ್ಗೆ ಸೊರಗಿದ ಹೂವನ್ನು ತೆಗೆದು, ಮತ್ತೆ ಹೊಸ ಹೂವು ಬೆರೆಸುತ್ತಾರೆ. ಹೂವು ಹೋದರೂ ಘಮ ಉಳಿಯುತ್ತದೆ. ನಾನು ಒಂದು ಸಲ ಒಳ್ಳೆಯ, ಯಾವ ಹಣ್ಣೂ ಸೇರದ, ಭಾವ ಮೆಚ್ಚುವಂಥ ಗ್ರೀನ್ ಟೀಯನ್ನು ಕಾಗದದ ಪೊಟ್ಟಣದಲ್ಲೇ ಬಟ್ಟೆ ಸೋಪಿನ ಪಕ್ಕ ಇಟ್ಟುಬಿಟ್ಟಿದ್ದೆ. ಒಂದು ತಿಂಗಳು. ಕಪ್ಪಿನಲ್ಲಿ ನೊರೆಯೊಂದು ಬರಲಿಲ್ಲ ಅಷ್ಟೇ. ಅದನ್ನು ಕುಡಿದೇ ಮುಗಿಸಿದೆ. ಭಾವನಿಗೂ ಒಂದು ಕಪ್ಪು ಕೊಟ್ಟಿದ್ದೆ. “ಹಾಂ, ಇದು ನೋಡು ಟೀ” ಅಂದಿದ್ದರು.

ಎಲ್ಲಿದ್ದೆ? ಯಾಕೆ ಕುಡಿಯುತ್ತೇನೆ ಅಂತ ಅಲ್ವಾ? ಹೇಳುತ್ತೇನೆ. ನಾಲಿಗೆಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಉಮಾಮಿ ಅನ್ನುವ ಅಣಬೆಯಂಥ ರುಚಿ. ಪೀಚ್ ಅನ್ನುವುದು ಅದರ ಪಟ್ಟಿಯಲ್ಲೇ ಇಲ್ಲ, ಅದು ಮೂಗಿನ ಇಲಾಖೆ. ಮೂಗು ಹಣ್ಣು ಬಂತು ಅಂತ ಸಾರುತ್ತದೆ, ನಾಲಿಗೆ ಸಿಹಿಗೆ ಸಿದ್ಧವಾಗುತ್ತದೆ, ಕಪ್ಪಿನಲ್ಲಿ ಸಕ್ಕರೆಯೇ ಇಲ್ಲ. ಊಟಕ್ಕೆ ಕರೆದವರ ಮನೆಗೆ ಹೋದರೆ ಬಾಗಿಲಿಗೆ ಬೀಗ. ಆದರೂ ದಿನಾ ಹೋಗುತ್ತೇನೆ. ಯಾಕೆ ಅಂದರೆ...

ಅಯ್ಯೋ, ಕಪ್ಪು!

ಆಗ ಜಾಲರಿ ಮುಳುಗಿಸಿಟ್ಟದ್ದು ಹಾಗೇ ಇತ್ತು. ಡಬ್ಬಿಯ ಮೇಲೆ 80 ಡಿಗ್ರಿ ನೀರು, 2 ನಿಮಿಷ ಅಂತ ಬರೆದಿದೆ. ನಾನು ಹೊಯ್ದದ್ದು ಕೊತಕೊತ ಕುದಿದದ್ದು. ಇಟ್ಟದ್ದು ಅರ್ಧ ಗಂಟೆ. ನೀರು ಬಿಸಿಯಾದಷ್ಟೂ, ಹೊತ್ತಾದಷ್ಟೂ ಎಲೆಯೊಳಗಿನ ಕ್ಯಾಟೆಕಿನ್‌ಗಳು ಜಾಸ್ತಿ ಇಳಿಯುತ್ತವೆ. ಕಹಿ, ಒಗರು ಹೆಚ್ಚಾಗಿ ಅವುಗಳದ್ದೇ. ಚೆಲ್ಲಬಹುದಿತ್ತು. ಆದರೆ ಇಷ್ಟೆಲ್ಲ ಬರೆದ ಮೇಲೆ ಚೆಲ್ಲುವುದು ಹೇಗೆ? ಒಂದು ಗುಟುಕು ಕುಡಿದೆ. ಕೆನ್ನೆ ಒಳಕ್ಕೆ ಎಳೆದುಕೊಂಡಿತು, ಒಂದು ಕಣ್ಣು ತಾನಾಗಿ ಮುಚ್ಚಿತು.

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಅಪ್ಪಾ, ಹುಷಾರಿಲ್ವಾ? ಇದು ಔಷಧಿನಾ?”

“ಇಲ್ಲ ಕಣಮ್ಮ, ಸುಮ್ನೆ. ಚೆನ್ನಾಗಿರುತ್ತೆ ಅಂತ.”

ಅವಳೂ ನಂಬಲಿಲ್ಲ. ಇನ್ನೊಂದು ಕಪ್ಪಿಗೆ ನೀರಿಟ್ಟು ಬಂದು ನೋಡುತ್ತೇನೆ, ತಟ್ಟೆಯಲ್ಲಿ ಎಲೆ ಇದೆ, ಕುಸುಬೆ ಇದೆ. ಸೇಬಿನ ಎಂಟೂ ಚೂರು ಮಾಯ.

“ಪೀಚ್ ಸಿಕ್ತು ಅಪ್ಪಾ” ಅಂದಳು, ಬಾಯಿ ಒರೆಸಿಕೊಳ್ಳುತ್ತಾ. “ಒಂಥರಾ ಸೇಬಿನ ಹಾಗಿದೆ.”