ಕಂದಾಯಕ್ಕೆ ಗಡುವು ಇದೆ, ನಮ್ಮ ಓಟಿಗೆ ಯಾಕಿಲ್ಲ?

ಮನೆ ರಿಪೇರಿಗೆ ಸಾಲ ಕೇಳಿದ್ದೆ. ಬ್ಯಾಂಕಿನವರು ಇ-ಸ್ವತ್ತು, ಅಂದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ತನ್ನಿ ಅಂದರು. ಪಂಚಾಯಿತಿಗೆ ಹೋದರೆ ಮೊದಲು ಬಾಕಿ ಕಂದಾಯ ಕಟ್ಟಿ, ಆಮೇಲೆ ಮಾತು ಅಂದರು. ಕಟ್ಟಿದೆ. ಕಟ್ಟಬೇಕಾದ್ದೇ, ಅದಕ್ಕೆ ನನ್ನ ತಕರಾರಿಲ್ಲ.

ಬಸ್ಸಿಗೆ ಕಾಯುತ್ತಾ ರಸೀದಿ ಓದಿದೆ. ಮನೆ ಕಂದಾಯದ ಜೊತೆ ಆರೋಗ್ಯ ಕರ, ಶಿಕ್ಷಣ ಕರ. ಗ್ರಂಥಾಲಯ ಕರ ನೂರಕ್ಕೆ 6, ಭಿಕ್ಷುಕರ ಕರ ನೂರಕ್ಕೆ 3. ಎಲ್ಲ ಪೈಸೆ ಪೈಸೆ ಲೆಕ್ಕ. ಓದುತ್ತಾ ಓದುತ್ತಾ ಹೊಟ್ಟೆ ಉರಿಯಿತು. ನನ್ನಿಂದ ಬರಬೇಕಾದ್ದರಲ್ಲಿ ಒಂದು ರೂಪಾಯಿ ಬಿಡದ ಈ ಸರ್ಕಾರ, ನನಗೆ ಕೊಡಬೇಕಾದ ಓಟನ್ನು ಇಷ್ಟು ವರ್ಷ ಬಾಕಿ ಇಟ್ಟುಕೊಂಡಿದೆ.

ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ ನಾವು ಓಟು ಹಾಕಿದ್ದು 2016ರ ಫೆಬ್ರುವರಿಯಲ್ಲಿ. 2021ಕ್ಕೆ ಅವಧಿ ಮುಗಿಯಿತು. ಅಲ್ಲಿಂದ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿಯಲ್ಲೇ ಬರೆದಿದೆ. ಅದನ್ನೇ ಮೀರಿದವರಿಗೆ ಯಾರು ನೋಟಿಸ್ ಕೊಡ್ತಾರೆ?

ನಮ್ಮೂರಿಗೂ ಪಕ್ಕದೂರಿಗೂ ನಡುವೆ ಒಂದು ಮೋರಿ ಇದೆ. ಹೋದ ಮಳೆಗಾಲದಲ್ಲಿ ಅದರ ಒಂದು ಕಡೆ ಕುಸಿಯಿತು. ಬೆಳಿಗ್ಗೆ ಆರಕ್ಕೆ, ಇನ್ನೂ ಮಬ್ಬುಗತ್ತಲು, ನನ್ನ ಮೈದುನ ಡೈರಿಗೆ ಹಾಲು ಹಾಕಲು ಹೊರಟವನು ಬೈಕ್ ಸಮೇತ ಅದರೊಳಗೆ ಬಿದ್ದ. ಮೊಣಕೈ ಮುರಿಯಿತು. ಕ್ಯಾನಿನ ಹಾಲೆಲ್ಲ ಚರಂಡಿ ಪಾಲಾಯಿತು. ಪಂಚಾಯಿತಿಯಲ್ಲಿ ಕೇಳಿದರೆ, "ಅಮ್ಮಾ, ಅದು ಜಿಲ್ಲಾ ಪಂಚಾಯಿತಿ ರಸ್ತೆ, ನಮಗೆ ಬರಲ್ಲ" ಅಂದರು. ತಾಲೂಕಿಗೆ ಹೋದರೆ, "ಅರ್ಜಿ ಕೊಟ್ಟು ಹೋಗಿ, ಸಾಹೇಬರು ಮೀಟಿಂಗಲ್ಲಿದ್ದಾರೆ." ಮೂರು ಸಲ ಹೋದೆ. ಮೂರು ಸಲವೂ ಮೀಟಿಂಗು. ಮೂರು ದಿನದ ಕೂಲಿ, ಬಸ್ ಕಾಯುವ ಹೊತ್ತು, ಎಲ್ಲ ಹೋಯಿತು.

ಹಿಂದೆ ಹೀಗಿರಲಿಲ್ಲ. ನಮ್ಮ ತಾಲೂಕು ಪಂಚಾಯಿತಿ ಸದಸ್ಯೆ ಪಕ್ಕದೂರಿನವರೇ, ಮಹಿಳಾ ಮೀಸಲಿನಲ್ಲಿ ಗೆದ್ದವರು. ನೀರಿನ ಪೈಪ್ ಒಡೆದಾಗ ಅವರ ಗದ್ದೆಗೇ ಹೋಗಿದ್ದೆ. ಅವರು ನಾಟಿ ಮಾಡುತ್ತಿದ್ದರು. ಬದುವಿನ ಮೇಲೆ ನಿಂತು ಜಗಳ ಆಡಿದೆ. ಕೆಸರು ಕೈಯಲ್ಲೇ ಮೇಲೆ ಬಂದು, "ಅಕ್ಕಾ, ಎರಡು ದಿನ ಕೊಡಿ" ಅಂದರು. ನಾಲ್ಕನೇ ದಿನ ಪೈಪ್ ಬಂತು. ಅವರೇನು ದೇವತೆ ಅಲ್ಲ. ಮುಂದಿನ ಸಲ ಓಟು ಕೇಳಲು ನನ್ನ ಮನೆ ಬಾಗಿಲಿಗೇ ಬರಬೇಕು ಅನ್ನೋದು ಅವರಿಗೆ ಗೊತ್ತಿತ್ತು, ಅಷ್ಟೇ. ಈಗಿನ ಅಧಿಕಾರಿಗೆ ನನ್ನ ಓಟು ಬೇಕಾ? ವರ್ಗ ಆದರೆ ಗಂಟುಮೂಟೆ ಕಟ್ಟಿ ಹೋಗ್ತಾರೆ. ನಾನು ಯಾರ ಗದ್ದೆ ಬದುವಿಗೆ ಹೋಗಿ ನಿಲ್ಲಲಿ?

ನೆಪಗಳೋ ಒಂದರ ಹಿಂದೆ ಒಂದು. ಮೊದಲು ಕೊರೊನಾ. ಆಮೇಲೆ ಕ್ಷೇತ್ರ ವಿಂಗಡಣೆ. 2021ರಲ್ಲಿ ರಾಜ್ಯ ಚುನಾವಣಾ ಆಯೋಗದ ಕೈಯಿಂದ ಆ ಕೆಲಸವನ್ನೇ ಕಿತ್ತುಕೊಂಡು ಬೇರೆ ಆಯೋಗಕ್ಕೆ ಕೊಟ್ಟರು. ಆಮೇಲೆ ಮೀಸಲಾತಿ, ಕೋರ್ಟು. 2022ರಲ್ಲಿ ಹೈಕೋರ್ಟ್ ತಡ ಮಾಡಿದ್ದಕ್ಕೆ ಸರ್ಕಾರಕ್ಕೆ 5 ಲಕ್ಷ ದಂಡ ಹಾಕಿತು. ಆ 5 ಲಕ್ಷ ಯಾರ ದುಡ್ಡು? ನಮ್ಮದೇ ಅಲ್ವಾ!

ಇದರಲ್ಲಿ ಆ ಪಕ್ಷ ಈ ಪಕ್ಷ ಅಂತಿಲ್ಲ. ಯಡಿಯೂರಪ್ಪ ಇದ್ದರು, ಬೊಮ್ಮಾಯಿ ಬಂದರು, ಸಿದ್ದರಾಮಯ್ಯ ಬಂದರು. 2023ರ ಮೇ 10ಕ್ಕೆ ವಿಧಾನಸಭೆಗೆ ಓಟು ಆಯಿತು. 2024ರಲ್ಲಿ ಲೋಕಸಭೆಗೆ ಆಯಿತು. ಅದೇ ವರ್ಷ ನವೆಂಬರಲ್ಲಿ ಚನ್ನಪಟ್ಟಣ, ಶಿಗ್ಗಾವಿ, ಸಂಡೂರಿನಲ್ಲಿ ಉಪಚುನಾವಣೆಯೂ ಆಯಿತು. ಅವರ ಕುರ್ಚಿಯ ಚುನಾವಣೆಗೆ ಮಳೆ, ಬಿಸಿಲು, ಕೋರ್ಟು ಯಾವುದೂ ಅಡ್ಡ ಬರಲ್ಲ. ಊರಲ್ಲಿ ಇನ್ನೊಬ್ಬ ನಾಯಕ ಹುಟ್ಟಿದರೆ ತಮ್ಮ ಮಾತು ನಡೆಯಲ್ಲ ಅಂತ ಶಾಸಕರಿಗೆ ಭಯ. ಅನುದಾನ ತಮ್ಮ ಕೈಯಲ್ಲೇ ಇರಬೇಕು. ನನಗಂತೂ ಇದು ಬಿಟ್ಟು ಬೇರೆ ಕಾರಣ ಕಾಣಲ್ಲ.

ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬ್ ಹೋರಾಡಿ ಕಾಯ್ದೆ ತಂದು, 1987ರಲ್ಲಿ ಜಿಲ್ಲಾ ಪರಿಷತ್ತಿಗೆ (ಈಗಿನ ಜಿಲ್ಲಾ ಪಂಚಾಯಿತಿಯಂಥದ್ದೇ) ಚುನಾವಣೆ ಮಾಡಿಸಿದ ನಾಡು ಇದು. ನಮ್ಮ ಮಾವ ಈಗಲೂ ಅವರನ್ನು ನೀರ್ ಸಾಬ್ ಅಂತಲೇ ಕರೆಯೋದು, ಊರೂರಿಗೆ ಬೋರ್‌ವೆಲ್ ಹಾಕಿಸಿದರು ಅಂತ. ಅಂಥ ನಾಡಲ್ಲಿ ಸುಮ್ನೆ ಕುಳಿತು ಕಂದಾಯ ಮಾತ್ರ ಕಟ್ಟಿ ಅಂದರೆ ಹೇಗೆ?

ಮೋರಿ ಹಾಗೇ ಇದೆ. ಊರ ಹುಡುಗರು ಒಂದು ಕೊಂಬೆಗೆ ಕೆಂಪು ಬಟ್ಟೆ ಕಟ್ಟಿ ಗುಂಡಿಯ ಪಕ್ಕ ನೆಟ್ಟಿದ್ದಾರೆ. ಮುಂದಿನ ವರ್ಷ ಬಿಲ್ ಕಲೆಕ್ಟರ್ ಕಂದಾಯಕ್ಕೆ ಮತ್ತೆ ಅದೇ ದಾರಿಯಲ್ಲಿ ಬರ್ತಾರೆ. ಕಟ್ಟುತ್ತೇನೆ. ನನ್ನ ಓಟು ಯಾವಾಗ ಅಂತ ಒಂದು ತಾರೀಕು ಹೇಳಿ.