ಅಂಗಡಿ ಮಾತ್ರ ಅಲ್ಲ, ಡಬ್ಬಿಯೂ ನೋಂದಣಿಯಾಗಲಿ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಹೆಂಪ್ (ಅಮಲು ಕಡಿಮೆ ಇರುವ ಗಾಂಜಾ ಜಾತಿಯ ಗಿಡ) ತಿನಿಸು ಮಾರೋಕೆ ನೋಂದಣಿ ಕೇಳುವುದು ಸಣ್ಣ ಅಂಗಡಿಗಳಿಗೆ ಹೊರೆ ಅಂತ ನಾನು ಓದಿದ ಒಂದು ಲೇಖನ ಹೇಳುತ್ತದೆ. ಹೊರೆ ನಿಜ. ಆದರೂ ಅದು ಬೇಕೇ ಬೇಕು.

2018ರ ಫಾರ್ಮ್ ಬಿಲ್ (ಅಮೆರಿಕದ ಕೃಷಿ ಕಾನೂನು) ಪ್ರಕಾರ ಹೆಂಪ್‌ನ ಒಣ ತೂಕದಲ್ಲಿ ಡೆಲ್ಟಾ-9 ಟಿಎಚ್‌ಸಿ, ಅಂದ್ರೆ ಅಮಲು ಏರಿಸುವ ಅಂಶ, ಶೇ 0.3 ಮೀರಬಾರದು. ಗಿಡಕ್ಕೆ ಈ ಲೆಕ್ಕ ಸರಿ. ಗಮ್ಮಿಗೆ, ಅಂದ್ರೆ ಜಗಿಯುವ ಮೆತ್ತನೆ ಮಿಠಾಯಿಗೆ? 4 ಗ್ರಾಂ ಗಮ್ಮಿಯಲ್ಲಿ ಶೇ 0.3 ಅಂದ್ರೆ 12 ಮಿಲಿಗ್ರಾಂ. ಕೊಲರಾಡೊದ ಲೈಸೆನ್ಸ್ ಇರುವ ಗಾಂಜಾ ಅಂಗಡಿಯಲ್ಲೂ ಒಂದು ಸಲದ ಪ್ರಮಾಣ 10 ಮಿಲಿಗ್ರಾಂ. ಅದಕ್ಕಿಂತ ಜಾಸ್ತಿ ಇರುವುದು ಇಲ್ಲಿ ಪೆಟ್ರೋಲ್ ಬಂಕ್ ಕೌಂಟರ್‌ನಲ್ಲಿ, ಬಣ್ಣದ ಪ್ಯಾಕೆಟ್‌ನಲ್ಲಿ, ಮಕ್ಕಳ ಕೈಗೆಟುಕುವ ಹಾಗೆ ಇರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಆ್ಯಬಟ್ ಆದೇಶ ಹೊರಡಿಸುವ ತನಕ ರಾಜ್ಯದಲ್ಲಿ ವಯಸ್ಸಿನ ಮಿತಿಯೇ ಇರಲಿಲ್ಲ. ಮಕ್ಕಳಿರುವ ಮನೆಯವರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಟೆಕ್ಸಾಸ್ ನೋಂದಣಿ ಮಾಡುವುದು ಅಂಗಡಿಯನ್ನು. ಪಕ್ಕದ ಲೂಸಿಯಾನಾ ಒಂದೊಂದು ಉತ್ಪನ್ನದ ಲೇಬಲ್ಲು, ಲ್ಯಾಬ್ ವರದಿ ನೋಡಿ ನೋಂದಣಿ ಕೊಡುತ್ತದೆ. ನನಗೆ ಅದೇ ಸರಿ ಅನ್ನಿಸುತ್ತದೆ. ಟೆಕ್ಸಾಸ್‌ನಲ್ಲೂ ಹಾಗಾಗುವವರೆಗೆ ಕೊಳ್ಳುವವರು ಪ್ಯಾಕೆಟ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಲ್ಯಾಬ್ ವರದಿ ತೆರೆಯಿರಿ. ವರದಿಯ ಬ್ಯಾಚ್ ನಂಬರೂ ಪ್ಯಾಕೆಟ್ ಮೇಲಿನದ್ದೂ ಒಂದೇನಾ ನೋಡಿ. ತಾಳೆಯಾಗದಿದ್ದರೆ ಅಲ್ಲೇ ಬಿಟ್ಟು ಬನ್ನಿ.